ಆಕಾಶದಲ್ಲಿ ಡಂಗುರ

ಸರಕನ್ನು ಮಾರಬೇಕೆನ್ನುವವನಿಗೆ ಮೊದಲು ದೊರೆಯಬೇಕಾದುದು ಕೊಳ್ಳುವವನ ಕಣ್ಣು. ಅವನ ಹಣ ಅನಂತರದ ಮಾತು. ನಮ್ಮ ಊರುಗಳಲ್ಲಿ ಹಿಂದೆ ಸರ್ಕಾರದ ಅಪ್ಪಣೆಯನ್ನೋ ಸಂತೆಯ ದಿನವನ್ನೋ ಜನಕ್ಕೆ ತಿಳಿಸಬೇಕಾದಾಗ ತಳವಾರನು ತಮಟೆ ಬಾರಿಸುತ್ತ ಬೀದಿಬೀದಿಯಲ್ಲಿ ನಿಂತು ಸಾರುತ್ತಿದ್ದನು. ಅವನ ಕೂಗು ಮುಂದಿನ ಬೀದಿಗೆ ಕೇಳಬೇಕಾದರೆ ಅವನೇ ಅಲ್ಲಿಗೆ ನಡೆಯಬೇಕಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಪಶ್ಚಿಮ ದೇಶಗಳ ವರ್ತಕರು ಈ ತಮಟೆಯನ್ನು ಆಕಾಶಕ್ಕೆ ಏರಿಸಿದರು. ಜಾಹೀರಾತನ್ನು ಹೊತ್ತು ನಗರಗಳ ಮೇಲೆ ಮೆಲ್ಲಮೆಲ್ಲನೆ ತೇಲುವ ವಾಯುನೌಕೆಯ ಕಥೆ ಅಲ್ಲಿಂದ ಮೊದಲಾಗುತ್ತದೆ. ಗೋಡೆಗೆ ಅಂಟಿಸಿದ ಜಾಹೀರಾತಿನಿಂದ ಮುಖ ತಿರುಗಿಸುವ ಮನುಷ್ಯನೇ, ಈ ನೌಕೆ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ಅಂಗಳಕ್ಕೆ ಬಂದು ಕೈಬೀಸುತ್ತಾನೆ. ಹೀಗೇಕೆ? ಈ ಬೆರಗನ್ನು ಯಾರು ಯಾರು ಯಾವ ಯಾವ ಕೆಲಸಕ್ಕೆ ಬಳಸಿಕೊಂಡರು? ಇವೆರಡೇ ಈ ಭಾಷಣದ ವಿಷಯ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ವಾಯುನೌಕೆಗಳಲ್ಲಿ ಮೂರು ಜಾತಿ. ಪೂರ್ಣವಾದ ಲೋಹದ ಅಸ್ಥಿಪಂಜರವಿರುವುದು ಒಂದು. ಜರ್ಮನಿಯ ಪ್ರಸಿದ್ಧವಾದ ಜೆಪೆಲಿನ್‌ಗಳು ಈ ಜಾತಿಯವು. ಅಲ್ಪ ಚೌಕಟ್ಟು ಮಾತ್ರ ಇರುವುದು ಎರಡನೆಯದು. ಎಲುಬೇ ಇಲ್ಲದೆ, ಒಳಗಿನ ಅನಿಲದ ಒತ್ತಡದಿಂದಲೇ ಆಕಾರವನ್ನು ಉಳಿಸಿಕೊಳ್ಳುವುದು ಮೂರನೆಯದು. ಇದಕ್ಕೆ ಬ್ಲಿಂಪ್ ಎಂದು ಹೆಸರು. ಅದರ ದೊಡ್ಡ ಚೀಲದೊಳಗೆ ಗಾಳಿಯ ಸಣ್ಣ ಚೀಲಗಳಿರುತ್ತವೆ. ನೌಕೆ ಮೇಲೇರಿ ಅನಿಲವು ಹಿಗ್ಗಿದಂತೆ ಈ ಚೀಲಗಳಿಂದ ಗಾಳಿಯನ್ನು ಹೊರಗೆ ಬಿಡುತ್ತಾರೆ. ಕೆಳಗಿಳಿಯುವಾಗ ಮತ್ತೆ ತುಂಬುತ್ತಾರೆ. ಹೀಗೆ ಹೊರಮೈ ಎಂದೂ ಸುಕ್ಕುಗಟ್ಟುವುದಿಲ್ಲ. ಬ್ಲಿಂಪ್ ಎಂಬ ಹೆಸರಿನ ವಿಷಯದಲ್ಲಿ ಒಂದು ಸ್ವಾರಸ್ಯವಾದ ಕಥೆಯುಂಟು. ೧೯೧೫ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಕೇಪೆಲ್ ನೆಲೆಯಲ್ಲಿ ಕನಿಂಗ್‌ಹ್ಯಾಮ್ ಎಂಬ ಅಧಿಕಾರಿಯು ಬಿಗಿದ ಚೀಲವನ್ನು ಬೆರಳಿನಿಂದ ಚಿಮ್ಮಿ, ಅದು ಹೊರಡಿಸಿದ ಸದ್ದನ್ನು ಬಾಯಿಂದ ಅನುಕರಿಸಿದನಂತೆ. ಆ ಸದ್ದೇ ಹೆಸರಾಯಿತೆಂದು ಹೇಳುತ್ತಾರೆ.

ಆದರೆ ಹೆಸರು ಹುಟ್ಟುವ ಮೊದಲೇ ಕೆಲಸ ಹುಟ್ಟಿತ್ತು. ಲಂಡನ್ನಿನ ಸ್ಪೆನ್ಸರ್ ಮನೆತನದವರು ತಲೆಮಾರುಗಳಿಂದ ಬೆಲೂನು ಕಟ್ಟುವುದನ್ನೂ ಹಾರಿಸುವುದನ್ನೂ ಕುಲವೃತ್ತಿಯಾಗಿ ನಡೆಸಿಕೊಂಡು ಬಂದವರು. ಅವರಲ್ಲಿ ಪರ್ಸಿವಲ್ ಸ್ಪೆನ್ಸರನು ೧೮೮೯ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯಲ್ಲಿ ಬೆಲೂನು ಹಾರಿಸಿದನು. ಅವನೊಡನೆ ಏರಿ, ಅನಂತರ ಒಬ್ಬನೇ ಹಾರಿದ ರಾಮಚಂದ್ರ ಚಟರ್ಜಿಯು ನಮ್ಮ ದೇಶದ ಮೊದಲ ಬೆಲೂನುಗಾರರಲ್ಲೊಬ್ಬನು. ಪರ್ಸಿವಲನ ತಮ್ಮ ಸ್ಟಾನ್ಲಿ ಸ್ಪೆನ್ಸರನು ೧೯೦೨ರಲ್ಲಿ ೭೫ ಅಡಿ ಉದ್ದದ ಒಂದು ವಾಯುನೌಕೆಯನ್ನು ಕಟ್ಟಿದನು. ಬಿದಿರಿನ ಚೌಕಟ್ಟು, ಮೂರೂವರೆ ಕುದುರೆಶಕ್ತಿಯ ಪೆಟ್ರೋಲ್ ಯಂತ್ರ, ಜಲಜನಕ ತುಂಬಿದ ಚೀಲ, ಇಷ್ಟೇ ಅದರ ಸಂಪತ್ತು. ಇಷ್ಟನ್ನು ಕೂಡಿಸುವುದಕ್ಕೂ ಹಣ ಬೇಕಷ್ಟೆ. ಶಿಶುಗಳ ಆಹಾರವನ್ನು ಮಾರುತ್ತಿದ್ದ ಮೆಲಿನ್ ಎಂಬ ಕಂಪನಿಯು ತನ್ನ ಹೆಸರನ್ನು ಹೊತ್ತು ಇಪ್ಪತ್ತೈದು ಸಲ ಹಾರಿ ಹಿಂದಿರುಗಬೇಕೆಂಬ ಷರತ್ತಿನ ಮೇಲೆ ೧,೫೦೦ ಪೌಂಡುಗಳನ್ನು ಕೊಡಲು ಒಪ್ಪಿತು. ಸೆಪ್ಟೆಂಬರ್ ೧೯ರಂದು ಸ್ಪೆನ್ಸರನು ಸ್ಫಟಿಕ ಮಂದಿರದ ಬಳಿಯಿಂದ ಹೊರಟು, ಲಂಡನ್ ನಗರದ ಮೇಲೆ ಸಾಗಿ, ಸುಮಾರು ೩೦ ಮೈಲಿ ದೂರ ಹೋಗಿ ಇಳಿದನು. ಬ್ರಿಟನ್ನಿನ ಆಕಾಶದಲ್ಲಿ ಯಂತ್ರಬಲದಿಂದ ನಡೆದ ಮೊದಲ ವಾಯುಯಾನವೆಂದು ಇದು ಚರಿತ್ರೆಯಲ್ಲಿ ನಿಂತಿದೆ. ಒಂದು ದೇಶದ ವಾಯುಯಾನದ ಮೊದಲ ಪುಟದಲ್ಲಿ ರಾಜನ ಮುದ್ರೆಯೂ ಇಲ್ಲ, ಸೈನ್ಯದ ಧ್ವಜವೂ ಇಲ್ಲ. ಕೂಸಿನ ಆಹಾರದ ಹೆಸರಿದೆ! ಆದರೆ ಆ ದುರ್ಬಲ ಯಂತ್ರಕ್ಕೆ ಎದುರುಗಾಳಿಯನ್ನು ಗೆಲ್ಲುವ ಶಕ್ತಿಯಿರಲಿಲ್ಲ. ಒಪ್ಪಂದದ ಇಪ್ಪತ್ತೈದು ಹಾರಾಟಗಳು ಪೂರ್ಣವಾಗಲಿಲ್ಲ.

ಏಳು ವರ್ಷಗಳು ಕಳೆಯುವುದರೊಳಗೆ ಇದೇ ಉಪಾಯವನ್ನು ಮತ್ತೊಬ್ಬರು ಹಿಡಿದರು. ಅವರಿಗೆ ಮಾರಲು ಸರಕಿರಲಿಲ್ಲ. ಕೇಳಲು ಒಂದು ಹಕ್ಕಿತ್ತು. ೧೯೦೯ರ ಫೆಬ್ರವರಿ ೧೬ರಂದು ದೊರೆ ಏಳನೆಯ ಎಡ್ವರ್ಡನು ಪಾರ್ಲಿಮೆಂಟಿನ ಅಧಿವೇಶನವನ್ನು ತೆರೆಯಲು ಮೆರವಣಿಗೆಯಲ್ಲಿ ಹೋಗುವುದಿತ್ತು. ಅದೇ ದಿನ ಹೆಂಡನ್ ಎಂಬಲ್ಲಿಂದ ೮೦ ಅಡಿ ಉದ್ದದ ವಾಯುನೌಕೆಯೊಂದು ಮೇಲಕ್ಕೆದ್ದಿತು. ನಡೆಸುವವನು ಅದೇ ಸ್ಪೆನ್ಸರ್ ಮನೆತನದ ಹೆನ್ರಿ; ಜೊತೆಗೆ ಕುಳಿತವಳು ಮ್ಯೂರಿಯಲ್ ಮ್ಯಾಟರ್ಸ್. ನೌಕೆಯ ಮೈಮೇಲೆ "ಸ್ತ್ರೀಯರಿಗೆ ಮತ" ಎಂಬ ಅರ್ಥದ ದೊಡ್ಡ ಅಕ್ಷರಗಳು. ಕೈಯಲ್ಲಿ ೫೬ ಪೌಂಡು ತೂಕದ ಕರಪತ್ರಗಳು. ಈಕೆ ದಕ್ಷಿಣ ಆಸ್ಟ್ರೇಲಿಯದಲ್ಲಿ ಹುಟ್ಟಿದವಳು. ಅಲ್ಲಿಯ ಹೆಂಗಸರಿಗೆ ೧೮೯೪ರಲ್ಲಿಯೇ ಮತದ ಹಕ್ಕು ಬಂದಿತ್ತು. ಸಾಮ್ರಾಜ್ಯದ ರಾಜಧಾನಿಯಲ್ಲಿ ಮಾತ್ರ ಬಂದಿರಲಿಲ್ಲ. ಬೀದಿಯಲ್ಲಿ ಗುಂಪು ಕೂಡಿದರೆ ಪೋಲೀಸರು ತಡೆಯುತ್ತಿದ್ದರು. ಆಕಾಶದಲ್ಲಿ ತಡೆಯುವವರು ಯಾರು? ತಡೆದದ್ದು ಗಾಳಿ. ನೌಕೆಯು ವೆಸ್ಟ್‌ಮಿನ್‌ಸ್ಟರನ್ನು ಮುಟ್ಟಲಿಲ್ಲ. ದಿಕ್ಕು ತಪ್ಪಿ, ಲಂಡನ್ನಿನ ಹೊರವಲಯಗಳ ಮೇಲೆ ಕರಪತ್ರಗಳನ್ನು ಚೆಲ್ಲುತ್ತ ಹೋಗಿ, ದಕ್ಷಿಣದ ಕೂಲ್ಸ್‌ಡನ್ನಿನಲ್ಲಿ ನೆಲಕ್ಕಿಳಿಯಿತು. ದೊರೆಯ ಕಣ್ಣಿಗೆ ಬೀಳದಿದ್ದರೂ ಸುದ್ದಿ ಪತ್ರಿಕೆಗಳಲ್ಲಿ ಹರಡಿತು. ಮೂವತ್ತು ವರ್ಷಗಳ ತರುವಾಯ, ೧೯೩೯ರಲ್ಲಿ, ಮ್ಯೂರಿಯಲ್ ಮ್ಯಾಟರ್ಸ್ ಈ ಯಾನದ ವೃತ್ತಾಂತವನ್ನು ಬ್ರಿಟಿಷ್ ರೇಡಿಯೋದಲ್ಲಿ ತಾನೇ ಹೇಳಿದಳು. ಆ ವೇಳೆಗೆ ಅಲ್ಲಿಯ ಸ್ತ್ರೀಯರಿಗೆ ಪುರುಷರಿಗೆ ಸಮನಾದ ಮತಾಧಿಕಾರ ಬಂದು ಹನ್ನೊಂದು ವರ್ಷಗಳಾಗಿದ್ದವು.

ಈ ಬೆರಗಿಗೆ ಬೆಲೆಯೂ ತೆರಬೇಕಾಯಿತು. ೧೯೧೯ರ ಜುಲೈ ೨೧ರಂದು ಅಮೆರಿಕದ ಚಿಕಾಗೋ ನಗರದ ನಡುವೆ ವಿಂಗ್‌ಫುಟ್ ಎಂಬ ನೌಕೆಯು ಹಾರುತ್ತಿತ್ತು. ಟೈರುಗಳನ್ನು ತಯಾರಿಸುವ ಗುಡ್‌ಇಯರ್ ಕಂಪನಿಯು ಅದನ್ನು ನಿರ್ಮಿಸಿತ್ತು. ಒಳಗೆ ತುಂಬಿದ್ದುದು ಜಲಜನಕ. ಅದು ಬೆಂಕಿ ಹತ್ತಿ ಉರಿಯುತ್ತ, ಒಂದು ಬ್ಯಾಂಕಿನ ಗಾಜಿನ ಮಾಡನ್ನು ಒಡೆದು ಒಳಗೆ ಬಿದ್ದಿತು. ಹದಿಮೂರು ಜನ ಸತ್ತರು. ಅವರಲ್ಲಿ ಹತ್ತು ಮಂದಿ ಬ್ಯಾಂಕಿನ ನೌಕರರು. ಲೆಕ್ಕದ ಪುಸ್ತಕಗಳ ಮೇಲೆ ತಲೆ ಬಗ್ಗಿಸಿ ಕುಳಿತಿದ್ದವರು. ನೋಟವನ್ನು ಬಯಸಿ ಬಂದವರಿಗಿಂತ, ನೋಡುವುದಕ್ಕೆ ತಲೆಯನ್ನೂ ಎತ್ತದಿದ್ದವರೇ ಹೆಚ್ಚಾಗಿ ಬಲಿಯಾದರು.

ಜಲಜನಕವು ಬೇಗ ಹತ್ತಿಕೊಳ್ಳುವ ಅನಿಲ. ಅದರ ಸ್ಥಾನಕ್ಕೆ ಬಂದ ಹೀಲಿಯಮ್ಮಿನ ಚರಿತ್ರೆ ನಮ್ಮ ದಕ್ಷಿಣ ದೇಶದ ನೆಲವನ್ನು ಸೋಕಿ ಹೋಗಿದೆ. ೧೮೬೮ರ ಆಗಸ್ಟ್ ೧೮ರಂದು ಪೂರ್ಣ ಸೂರ್ಯಗ್ರಹಣವಾದಾಗ ಫ್ರಾನ್ಸಿನ ಜಾನ್‌ಸೆನ್ ಆಂಧ್ರದ ಗುಂಟೂರಿನಲ್ಲಿ ನಿಂತು ಸೂರ್ಯನ ಜ್ವಾಲೆಗಳ ವರ್ಣಪಟಲವನ್ನು ಪರೀಕ್ಷಿಸಿದನು. ಅದೇ ವರ್ಷ ಇಂಗ್ಲೆಂಡಿನ ಲಾಕಿಯರನು, ಆ ಬೆಳಕಿನಲ್ಲಿ ಕಾಣುವ ಒಂದು ಹಳದಿ ಗೆರೆ ಭೂಮಿಯಲ್ಲಿ ಆವರೆಗೆ ತಿಳಿದಿದ್ದ ಯಾವ ಧಾತುವಿಗೂ ಸೇರಿದ್ದಲ್ಲವೆಂದು ಕಂಡುಕೊಂಡನು. ಸೂರ್ಯನ ಗ್ರೀಕ್ ಹೆಸರಿನಿಂದ ಧಾತುವಿಗೆ ಹೀಲಿಯಂ ಎಂಬ ಹೆಸರಾಯಿತು. ೧೮೯೫ರಲ್ಲಿ ರ್‍ಯಾಮ್ಸೆ ಅದನ್ನು ಭೂಮಿಯ ಖನಿಜದಿಂದಲೇ ಬೇರ್ಪಡಿಸಿದನು. ಈ ಅನಿಲ ಉರಿಯುವುದಿಲ್ಲ. ಎತ್ತುವ ಶಕ್ತಿಯಲ್ಲಿ ಜಲಜನಕಕ್ಕಿಂತ ಸ್ವಲ್ಪವೇ ಕಡಿಮೆ. ಸಾವಿರ ಘನ ಅಡಿ ಹೀಲಿಯಂ ಸುಮಾರು ೬೫ ಪೌಂಡು ಭಾರವನ್ನು ಎತ್ತಬಲ್ಲುದು.

೧೯೨೫ರಲ್ಲಿ ಗುಡ್‌ಇಯರ್ ಕಂಪನಿಯು ಹೀಲಿಯಂ ತುಂಬಿದ ಪಿಲ್ಗ್ರಿಮ್ ಎಂಬ ಚಿಕ್ಕ ನೌಕೆಯನ್ನು ಹಾರಿಸಿತು. ಕಂಪನಿಯ ಮುಖ್ಯಸ್ಥನಾದ ಲಿಚ್‌ಫೀಲ್ಡನಿಗೆ ಇವು ಆಕಾಶದ ವಿಹಾರನೌಕೆಗಳಾಗಬೇಕೆಂಬ ಆಸೆ. ಆದಕಾರಣ ಅಮೆರಿಕಾ ಕಪ್ ಎಂಬ ಪ್ರಸಿದ್ಧ ಪಂದ್ಯದಲ್ಲಿ ಗೆದ್ದ ಹಾಯಿದೋಣಿಗಳ ಹೆಸರುಗಳನ್ನೇ ಪ್ಯುರಿಟನ್, ವಾಲಂಟಿಯರ್, ಮೇಫ್ಲವರ್, ಡಿಫೆಂಡರ್ ಎಂದು ಅವಕ್ಕೆ ಇಟ್ಟನು. ೧೯೩೦ರ ದಶಕದಲ್ಲಿ ಅವುಗಳ ಮೈಮೇಲೆ ನಿಯಾನ್ ದೀಪದ ಅಕ್ಷರಗಳು ಬಂದವು. ೧೯೬೦ರ ದಶಕದಲ್ಲಿ ಸಾವಿರಾರು ಬಣ್ಣದ ದೀಪಗಳು ರಾತ್ರಿಯ ಆಕಾಶದಲ್ಲಿ ಚಿತ್ರಗಳನ್ನೇ ನಡೆಸಿದವು. ವ್ಯಾಪಾರಿಯ ದೃಷ್ಟಿಯಿಂದ ಸಾಗಣೆಯ ಲೆಕ್ಕ ಹಾಕಿದರೆ ಬ್ಲಿಂಪ್ ಶುದ್ಧ ನಷ್ಟದ ವಸ್ತು. ಮುಂದೆ ಬಹುಕಾಲ ಬಳಕೆಯಲ್ಲಿದ್ದ ಒಂದು ಮಾದರಿಯು ೧೯೨ ಅಡಿ ಉದ್ದ, ಎರಡು ಲಕ್ಷ ಘನ ಅಡಿ ಹೀಲಿಯಂ. ಅದರಲ್ಲಿ ಕೂರುವವರು ಚಾಲಕನೂ ಆರು ಮಂದಿಯೂ ಮಾತ್ರ. ಆದರೆ ಸಾಗಣೆಯಲ್ಲಿ ದೋಷವಾದದ್ದೇ ಪ್ರಚಾರದಲ್ಲಿ ಗುಣವಾಯಿತು. ದೊಡ್ಡದಾದ್ದರಿಂದ ಕಣ್ಣಿಗೆ ಕಾಣುತ್ತದೆ. ನಿಧಾನವಾದ್ದರಿಂದ ಓದಲು ಸಮಯ ಕೊಡುತ್ತದೆ.

ಜನರ ಮೋಹಕ್ಕೆ ಕಾರಣವನ್ನು ಹುಡುಕುವವರು ಇಲ್ಲಿಂದಲೇ ಹೊರಡಬೇಕು. ೧೯೨೨ರಲ್ಲಿ ಇಂಗ್ಲೆಂಡಿನಲ್ಲಿ ವಿಮಾನದ ಹೊಗೆಯಿಂದ ಆಕಾಶದಲ್ಲಿ ಅಕ್ಷರ ಬರೆಯುವ ವಿದ್ಯೆ ಪ್ರದರ್ಶಿತವಾಯಿತು. ಅದೂ ವಿಸ್ಮಯವೇ, ಆದರೆ ಗಾಳಿ ಬೀಸಿದೊಡನೆ ಅಳಿಸಿಹೋಗುವ ವಿಸ್ಮಯ. ವಿಮಾನವು ತಲೆಯೆತ್ತುವುದರೊಳಗೆ ದಾಟಿಹೋಗುತ್ತದೆ. ಬ್ಲಿಂಪಾದರೋ ಸಾವಿರ ಅಡಿಗಳಷ್ಟು ಎತ್ತರದಲ್ಲಿ, ಗಂಟೆಗೆ ಮೂವತ್ತು ನಲವತ್ತು ಮೈಲಿಗಳ ವೇಗದಲ್ಲಿ, ದೇವರ ಉತ್ಸವದ ಆನೆಯಂತೆ ಗಂಭೀರವಾಗಿ ಬರುತ್ತದೆ. ಅಡುಗೆಮನೆಯಲ್ಲಿದ್ದವರನ್ನು ಕೂಗಿ ಕರೆದು, ಅವರು ಕೈ ಒರೆಸಿಕೊಂಡು ಹೊರಗೆ ಬರುವವರೆಗೂ ಅದು ಕಣ್ಣಿನ ಮುಂದೆಯೇ ಇರುತ್ತದೆ. ಒಬ್ಬನೇ ನೋಡುವ ನೋಟವಲ್ಲ, ಕೇರಿಯೆಲ್ಲ ಕೂಡಿ ನೋಡುವ ನೋಟ ಇದು. ಜೊತೆಗೆ ಇದು ಅಪರೂಪ. ನಿತ್ಯವೂ ಬಂದಿದ್ದರೆ ಆನೆಯನ್ನೂ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಆದರೆ ಬೆರಗುಗೊಂಡ ಮನಸ್ಸು ತೆರೆದ ಬಾಗಿಲಿನಂತೆ. ಯಾರು ಬೇಕಾದರೂ ಒಳಗೆ ನುಗ್ಗಬಹುದು. ೧೯೩೬ರ ಮಾರ್ಚಿನಲ್ಲಿ ಹಿಟ್ಲರನ ಸೈನ್ಯವು ರೈನ್ ಪ್ರಾಂತವನ್ನು ಹೊಕ್ಕಿತು. ಅದಕ್ಕೆ ಪ್ರಜೆಗಳ ಒಪ್ಪಿಗೆಯ ಮುದ್ರೆ ಒತ್ತಿಸಲು ೨೯ನೆಯ ತಾರೀಖು ಮತದಾನವನ್ನು ಏರ್ಪಡಿಸಿದರು. ಅದಕ್ಕೆ ಮುಂಚಿನ ದಿನಗಳಲ್ಲಿ ಹಿಂಡೆನ್‌ಬರ್ಗ್ ಮತ್ತು ಗ್ರಾಫ್ ಜೆಪೆಲಿನ್ ಎಂಬ ಎರಡು ಮಹಾನೌಕೆಗಳು ಜರ್ಮನಿಯ ನಗರಗಳ ಮೇಲೆಲ್ಲ ಸುತ್ತಿದವು, ಧ್ವನಿವರ್ಧಕಗಳಿಂದ ಸಂಗೀತವನ್ನೂ ಘೋಷಣೆಗಳನ್ನೂ ಸುರಿಸಿದವು, ಕರಪತ್ರಗಳನ್ನು ಚೆಲ್ಲಿದವು. ಇವು ಬ್ಲಿಂಪ್‌ಗಳಲ್ಲ, ಲೋಹದ ಪಂಜರವುಳ್ಳವು. ಆದರೆ ಮಾಡಿದ ಕೆಲಸ ಅದೇ ಡಂಗುರದ ಕೆಲಸ. ನೂರಕ್ಕೆ ಸುಮಾರು ತೊಂಬತ್ತೊಂಬತ್ತು ಮತಗಳು ಹಿಟ್ಲರನಿಗೆ ಬಂದುವೆಂದು ಸರ್ಕಾರವು ಸಾರಿತು. ಇದನ್ನು ಒಲ್ಲದೆ ಗೊಣಗಿದ ಎಕೆನರ್, ಜೆಪೆಲಿನ್ ಸಂಸ್ಥೆಯ ಹಿರಿಯ ನಾವಿಕನು, ಪತ್ರಿಕೆಗಳಲ್ಲಿ ತನ್ನ ಹೆಸರೇ ಬಾರದಂತಹ ದಂಡನೆಗೆ ಗುರಿಯಾದನು. ೧೯೦೯ರಲ್ಲಿ ಲಂಡನ್ನಿನ ಮೇಲೆ ಹಾರಿದ ನೌಕೆ ಮತದ ಹಕ್ಕನ್ನು ಬೇಡಿತ್ತು. ೧೯೩೬ರಲ್ಲಿ ಹಾರಿದವು ಮತದ ಅರ್ಥವನ್ನೇ ಕಿತ್ತುಕೊಂಡವು. ಮುಂದಿನ ವರ್ಷದ ಮೇ ೬ರಂದು ಹಿಂಡೆನ್‌ಬರ್ಗ್ ಅಮೆರಿಕದ ಲೇಕ್‌ಹರ್ಸ್ಟಿನಲ್ಲಿ ಉರಿದು ಬಿದ್ದು ೩೬ ಮಂದಿ ಸತ್ತರು. ಮಹಾನೌಕೆಗಳ ಯುಗವು ಅಲ್ಲಿಗೆ ಮುಗಿಯಿತು. ಹೀಲಿಯಂ ತುಂಬಿದ ಚಿಕ್ಕ ಬ್ಲಿಂಪುಗಳು ಉಳಿದುಕೊಂಡವು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಬಲವು ಗುಡ್‌ಇಯರಿನ ಬ್ಲಿಂಪುಗಳನ್ನು ತೆಗೆದುಕೊಂಡು ಜಲಾಂತರ್ಗಾಮಿಗಳ ಕಾವಲಿಗೆ ನಿಯೋಜಿಸಿತು. ಅವುಗಳಲ್ಲಿ ಎಲ್-೮ ಎಂಬುದು ೧೯೪೨ರ ಆಗಸ್ಟ್ ೧೬ರಂದು ಸ್ಯಾನ್ ಫ್ರಾನ್ಸಿಸ್ಕೋ ಬಳಿಯಿಂದ ಇಬ್ಬರು ಅಧಿಕಾರಿಗಳನ್ನು ಹೊತ್ತು ಸಮುದ್ರದತ್ತ ಹೋಯಿತು. ಕೆಲವು ಗಂಟೆಗಳ ಮೇಲೆ ಅದು ತಾನಾಗಿ ತೇಲಿ ಬಂದು ಡೇಲಿ ಸಿಟಿಯ ಬೀದಿಯಲ್ಲಿ ಇಳಿದಾಗ ಒಳಗೆ ಯಾರೂ ಇರಲಿಲ್ಲ. ಆ ಇಬ್ಬರ ಸುಳಿವು ಇಂದಿಗೂ ಸಿಕ್ಕಿಲ್ಲ. ಯುದ್ಧಾನಂತರ ಅದರ ತೊಟ್ಟಿಲು ಕಂಪನಿಗೆ ಹಿಂದಿರುಗಿ, ಅಮೆರಿಕಾ ಎಂಬ ಹೆಸರಿನ ಬ್ಲಿಂಪಿಗೆ ಜೋಡಿಸಲ್ಪಟ್ಟು, ೧೯೮೨ರವರೆಗೆ ಕ್ರೀಡಾಂಗಣಗಳ ಮೇಲೆ ಟೆಲಿವಿಷನ್ ಕ್ಯಾಮರಾವನ್ನು ಹೊತ್ತು ಸುತ್ತಿತು. ಕೆಳಗೆ ಆಟ ನೋಡುತ್ತ ಕೇಕೆ ಹಾಕುತ್ತಿದ್ದವರಲ್ಲಿ ಎಷ್ಟು ಮಂದಿಗೆ ಆ ತೊಟ್ಟಿಲಿನ ಕಥೆ ಗೊತ್ತಿದ್ದೀತು?

೨೦೧೪ರಿಂದ ಗುಡ್‌ಇಯರ್ ಕಂಪನಿಯು ೨೪೬ ಅಡಿ ಉದ್ದದ ಹೊಸ ಜೆಪೆಲಿನ್ ನೌಕೆಗಳನ್ನು ಬಳಕೆಗೆ ತಂದಿತು; ಅದರ ಕೊನೆಯ ನಿಜವಾದ ಬ್ಲಿಂಪ್ ೨೦೧೭ರ ಮಾರ್ಚಿನಲ್ಲಿ ನಿವೃತ್ತಿ ಹೊಂದಿತು. ಹೊಸ ನೌಕೆಗಳಲ್ಲಿ ಅಲ್ಪ ಚೌಕಟ್ಟಿರುವುದರಿಂದ ಶಾಸ್ತ್ರರೀತ್ಯಾ ಅವು ಬ್ಲಿಂಪುಗಳೇ ಅಲ್ಲ. ಜನ ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ. ಪ್ರೀತಿಯಿಂದ ಇಟ್ಟ ಹೆಸರು ಶಾಸ್ತ್ರದ ಮಾತನ್ನು ಕೇಳುವುದಿಲ್ಲ. ಬ್ರಿಟನ್ನಿನ ೧೯೮೨ರ ವಾಯುಯಾನ ಶಾಸನವು ಆಕಾಶದಲ್ಲಿ ಜಾಹೀರಾತನ್ನೂ ಪ್ರಚಾರವನ್ನೂ ಗೊತ್ತಾದ ನಿಯಮಗಳಿಗೆ ಒಳಪಡಿಸಿದೆ. ಇದು ಅರಸಿಕರ ಕಟ್ಟಳೆಯೆಂದು ತಳ್ಳಿಹಾಕುವಂತಿಲ್ಲ. ವೃತ್ತಪತ್ರಿಕೆ ಬೇಡವಾದರೆ ಮಡಿಸಿಡಬಹುದು. ರೇಡಿಯೋವಿನ ಕಿವಿ ಹಿಂಡಿ ಸುಮ್ಮನಾಗಿಸಬಹುದು. ತಲೆಯ ಮೇಲಿನ ಆಕಾಶವನ್ನು ಮಡಿಸಿಡುವ ಉಪಾಯ ಯಾರಿಗೂ ಇಲ್ಲ. ಅದು ಊರಿನ ಕೆರೆಯಂತೆ ಎಲ್ಲರ ಸೊತ್ತು. ತೇಲುವ ನೌಕೆಯನ್ನು ಕಂಡು ಮಗು ಚಪ್ಪಾಳೆ ತಟ್ಟಿದರೆ ತಟ್ಟಲಿ. ಪಕ್ಕದಲ್ಲಿ ನಿಂತ ದೊಡ್ಡವರು ಅದರ ಮೈಮೇಲಿನ ಅಕ್ಷರಗಳನ್ನೂ, ಅವುಗಳನ್ನು ಬರೆಯಿಸಿದವರ ಹೆಸರನ್ನೂ ಓದಿ ತಿಳಿದುಕೊಳ್ಳಬೇಕು.