ಜಲಗಾರರ ಮರಿಗೆ, ಶಾಲೆಯ ಸಾಂದ್ರತೆ

ಏಕಮಾನ ಗಾತ್ರದ ವಸ್ತುವಿನಲ್ಲಿ ಅಡಕವಾಗಿರುವ ದ್ರವ್ಯರಾಶಿಯೇ ಅದರ ಸಾಂದ್ರತೆ ಎಂಬ ಲಕ್ಷಣವಾಕ್ಯವನ್ನು ಮಾಧ್ಯಮಿಕ ಶಾಲೆಯ ಬಾಲಕರು ಕಂಠಪಾಠ ಮಾಡಿ ಒಪ್ಪಿಸುವುದನ್ನು ಕೇಳಿದಾಗಲೆಲ್ಲ, ಆ ವಾಕ್ಯವು ಹುಟ್ಟುವುದಕ್ಕೆ ಬಹುಕಾಲ ಮೊದಲೇ ಅದರ ತಾತ್ಪರ್ಯವನ್ನು ಹೊಟ್ಟೆಪಾಡಿನ ವಿದ್ಯೆಯಾಗಿ ಬಲ್ಲವರು ನಮ್ಮ ನಾಡಿನ ಹಳ್ಳಕೊಳ್ಳಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ದುಡಿಯುತ್ತಿದ್ದರೆಂಬ ಸಂಗತಿ ನನ್ನ ಮನಸ್ಸಿಗೆ ಬಾರದೆ ಇರದು. ಪುಸ್ತಕದಲ್ಲಿ ಲಕ್ಷಣವು ಮೊದಲು, ಲೆಕ್ಕವು ಅನಂತರ, ಕಲ್ಲುಮಣ್ಣು ಕಟ್ಟಕಡೆಗೆ. ಲೋಕದಲ್ಲಿ ನಡೆದುದಾದರೋ ಇದಕ್ಕೆ ತೀರ ವಿಪರ್ಯಸ್ತವಾದ ಕ್ರಮದಲ್ಲಿ.

ಗದಗಿನ ದಕ್ಷಿಣಕ್ಕೆ ಚಾಚಿಕೊಂಡಿರುವ ಕಪ್ಪತಗುಡ್ಡದ ಸಾಲಿನಿಂದ ಇಳಿದುಬರುವ ಹಳ್ಳಗಳ ಉಸುಬಿನಲ್ಲಿ ಹೊನ್ನಿನ ಕಣಗಳು ದೊರೆಯುತ್ತಿದ್ದುವೆಂಬುದು ಆ ಸೀಮೆಯವರಿಗೆ ಹೊಸ ಸುದ್ದಿಯಲ್ಲ. ಸೊರಟೂರು, ಡೋಣಿ, ಡಂಬಳಗಳ ಸುತ್ತಿನಲ್ಲಿ ಈ ಕಣಗಳನ್ನು ತೊಳೆದು ತೆಗೆಯುವುದನ್ನೇ ಕಸುಬಾಗಿ ಉಳ್ಳವರನ್ನು ಜಲಗಾರರೆಂದು ಕರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡನೂ, ಅವನ ತರುವಾಯ ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟನೂ ಇವರನ್ನು ಕುರಿತು ಬರೆದಿದ್ದಾರೆ. ಡಂಬಳದ ಗುಡ್ಡಗಳ ಹೊನ್ನಿನ ಶಿಲೆಗಳನ್ನು ಕುರಿತ ಫೂಟನ ಬರಹವು 1874ರಲ್ಲಿ ಪ್ರಕಟವಾಯಿತು. ಮಳೆಗಾಲದ ನೆರೆ ಇಳಿದ ಮೇಲೆ, ನೀರು ತಿರುವಿನಲ್ಲಿ ವೇಗಗುಂದಿ ಭಾರವಾದುದನ್ನು ಕೆಳಗಿಟ್ಟು ಹೋದ ಎಡೆಗಳನ್ನು ಗುರುತಿಸಿ, ಅಲ್ಲಿಯ ಮರಳನ್ನು ಮರದ ಮರಿಗೆಯಲ್ಲಿ ತುಂಬಿ, ನೀರೊಳಗೆ ಓಲಾಡಿಸುತ್ತ ಅಂಚಿನಿಂದ ಸ್ವಲ್ಪಸ್ವಲ್ಪವಾಗಿ ಹೊರಚೆಲ್ಲಿದರೆ, ಮೊದಲು ಮಣ್ಣಿನ ಕದಡು ಹೋಗುವುದು. ಬಳಿಕ ಬಿಳಿಯ ಬೆಣಚಿನ ಹರಳು ಹೋಗುವುದು. ತಳದಲ್ಲಿ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಕಪ್ಪು ಮರಳು ಒಂದು ಬಾಲದಂತೆ ನಿಲ್ಲುವುದು. ಆ ಬಾಲದ ತುದಿಯಲ್ಲಿ, ಕೈಯ ಅದೃಷ್ಟ ಚೆನ್ನಾಗಿದ್ದರೆ, ಹಳದಿಯ ನಾಲ್ಕಾರು ಚುಕ್ಕೆಗಳು ಕಾಣುವುವು.

ಈ ಕ್ರಮವು ಆಕಸ್ಮಿಕವಲ್ಲ. ಬೆಣಚುಕಲ್ಲಿನ ಸಾಂದ್ರತೆ ನೀರಿನ 2.65ರಷ್ಟು, ಕಪ್ಪು ಮರಳಿನದು ಸುಮಾರು 5.2ರಷ್ಟು, ಶುದ್ಧ ಹೊನ್ನಿನದು 19.3ರಷ್ಟು. ಆದರೆ ಇಲ್ಲಿ ಗಮನಿಸತಕ್ಕುದು ಬೇರೊಂದುಂಟು. ಒಣನೆಲದಲ್ಲಿ ಸಮಗಾತ್ರದ ಬೆಣಚಿಗಿಂತ ಹೊನ್ನು ಏಳು ಪಟ್ಟಿಗೆ ತುಸು ಮೇಲೆ ಭಾರವಾಗಿದ್ದರೆ, ನೀರಿನೊಳಗೆ ಪ್ರತಿಯೊಂದೂ ತನ್ನ ಗಾತ್ರದಷ್ಟು ನೀರಿನ ತೂಕವನ್ನು ಕಳೆದುಕೊಳ್ಳುವುದರಿಂದ, ಅದೇ ಅಂತರವು ಹನ್ನೊಂದು ಪಟ್ಟಾಗಿ ಬೆಳೆಯುತ್ತದೆ. ಕಣದಲ್ಲಿ ರೈತನು ಗಾಳಿಗೆ ತೂರಿ ಹೊಟ್ಟನ್ನು ಕಾಳಿನಿಂದ ಬೇರ್ಪಡಿಸುವಂತೆ ಜಲಗಾರನು ನೀರಿಗೆ ತೂರುತ್ತಾನೆ. ಆದರೆ ರೈತನ ಗಾಳಿಗೆ ಇಲ್ಲದ ಒಂದು ಉಪಕಾರವನ್ನು ಜಲಗಾರನ ನೀರು ಮಾಡುತ್ತದೆ. ಇದನ್ನು ಅವನು ಅಂಕಿಗಳಲ್ಲಿ ಹೇಳಲಾರನಾದರೂ ಮಣಿಕಟ್ಟಿನ ತಿರುವಿನಲ್ಲಿ ಬಲ್ಲವನಾಗಿದ್ದನು.

ಹಳ್ಳದ ಹೊನ್ನು ನದಿಯು ತಾನೇ ಕುಟ್ಟಿ ಪುಡಿಮಾಡಿ ತಂದ ಹೊನ್ನು. ಬಂಡೆಯೊಳಗಿರುವುದನ್ನು ತೆಗೆಯಬೇಕಾದರೆ ಕುಟ್ಟುವ ಕೆಲಸ ಮನುಷ್ಯನ ಪಾಲಿಗೆ ಬರುತ್ತದೆ. ರಾಯಚೂರು ಸೀಮೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನವರು ಬೆಣಚಿನ ಸಿರೆಯನ್ನು ಹಿಡಿದು ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಬಂಡೆಯ ಮೈಗೆ ಬೆಂಕಿಯಿಟ್ಟು ಕಾಯಿಸಿ, ಕಾದ ಮೈಗೆ ನೀರೆರಚಿ, ಬಿರಿದುದನ್ನು ಕಿತ್ತು ಮೇಲಕ್ಕೆ ತಂದು, ನೆಲಬಂಡೆಯಲ್ಲಿ ತೋಡಿದ ಒರಳುಗುಳಿಗಳಲ್ಲಿ ಕುಟ್ಟುತ್ತಿದ್ದರು. ಹೊನ್ನು ಮೆತ್ತಗಿನ ಲೋಹ. ಬೆಣಚು ಉಕ್ಕಿನ ಅಲಗನ್ನೂ ಗೀರಬಲ್ಲ ಕಠಿನ ಪದಾರ್ಥ. ಕುಟ್ಟಿದಾಗ ಬೆಣಚು ಒಡೆದು ಹುಡಿಯಾದರೆ ಹೊನ್ನು ಒಡೆಯದೆ ಚಪ್ಪಟೆಯಾಗುವುದು. ಖನಿಜಗಳ ಕಾಠಿನ್ಯ, ಭಂಗುರತೆ, ಸಾಂದ್ರತೆ ಎಂಬ ಮೂರು ಶೀರ್ಷಿಕೆಗಳ ಕೆಳಗೆ ಇಂದು ಬೇರೆಬೇರೆಯಾಗಿ ಬೋಧಿಸಲ್ಪಡುವ ಗುಣಗಳೆಲ್ಲವೂ ಆ ಒರಳು ಮರಿಗೆಗಳ ನಡುವಣ ಹತ್ತು ಹೆಜ್ಜೆಯ ದೂರದಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿದ್ದುವು.

ಕೋಲಾರದ ಕಥೆಯಲ್ಲಿಯೂ ಮೊದಲ ಪಾತ್ರ ಇಂಥ ಕೈಗಳದೇ. ಟಿಪ್ಪುವಿನ ಪತನಾನಂತರ ಮೈಸೂರಿನ ಪೂರ್ವದ ಎಲ್ಲೆಯನ್ನು ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್, ಊರಿಗಾಂ ಮಾರಿಕುಪ್ಪಂಗಳ ಮಣ್ಣಿನಲ್ಲಿ ಹೊನ್ನುಂಟೆಂಬ ವದಂತಿಯನ್ನು ಕೇಳಿ 1802ರಲ್ಲಿ ಪರೀಕ್ಷೆಗೆ ತೊಡಗಿದನು. ಮಾರಿಕುಪ್ಪದ ಬಳಿ ಗಂಡಸರು ಇಕ್ಕಟ್ಟಾದ ಗುಳಿಗಳಿಗಿಳಿದು ಕಲ್ಲನ್ನು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ಮೇಲಕ್ಕೆ ಸಾಗಿಸುವುದನ್ನೂ, ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿಗೈದು ಮರದ ಹಲಗೆಯಲ್ಲಿ ತೊಳೆಯುವುದನ್ನೂ ಅವನು ಕಂಡನು. ಅವನ ವರದಿಯನ್ನು ಎಷ್ಟೋ ವರ್ಷಗಳ ಮೇಲೆ ಓದಿದ ಲವೆಲ್ಲೆ ಎಂಬ ಐರಿಷ್ ಸೈನಿಕನು 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಅಪ್ಪಣೆ ಪಡೆದುದು, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದುದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿದುದು ಇವೆಲ್ಲ ಬಹುಜನರಿಗೆ ತಿಳಿದ ವಿಷಯವಾದುದರಿಂದ ಇಲ್ಲಿ ವಿಸ್ತರಿಸಲಾರೆನು. ಕಂಪನಿಗಳ ಹೆಸರು ಉಳಿದಷ್ಟು ಆ ಹೆಂಗಸರ ಹೆಸರು ಉಳಿಯಲಿಲ್ಲ.

ದೊರೆತುದು ಹೊನ್ನೇ ಅಹುದೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಅಕ್ಕಸಾಲಿಯ ಒರೆಗಲ್ಲಿನದು. ಗಂಧಕವೂ ಕಬ್ಬಿಣವೂ ಕೂಡಿದ ಪೈರೈಟೆಂಬ ಅದಿರು ಹೊನ್ನಿಗಿಂತ ಹೆಚ್ಚಾಗಿ ಹೊಳೆದು ಎಷ್ಟೋ ಮಂದಿಯನ್ನು ಮರುಳುಗೊಳಿಸಿದೆ. ಆದರೆ ಗಡುಸಾದ ಕಲ್ಲಿನ ಮೇಲೆ ಉಜ್ಜಿದೊಡನೆ ಅದು ಹಸುರು ಬೆರೆತ ಕಪ್ಪುಹುಡಿಯನ್ನು ಬಿಡುವುದು, ಹೊನ್ನು ಹಳದಿಯ ಗೆರೆಯನ್ನೇ ಬಿಡುವುದು. ಈ ಪರೀಕ್ಷೆಯನ್ನು ಕೌಟಿಲ್ಯನ ಅರ್ಥಶಾಸ್ತ್ರವು ರಾಜ್ಯಭಾರದ ಅಂಗವಾಗಿಯೇ ವರ್ಣಿಸುತ್ತದೆ. ಕಳಿಂಗದ ಕಲ್ಲು ಅಥವಾ ತಾಪಿಯ ಕಲ್ಲು, ಹೆಸರುಕಾಳಿನ ಬಣ್ಣದ್ದು, ಒರೆಗೆ ಶ್ರೇಷ್ಠವೆಂದು ಹೇಳುವ ಆ ಗ್ರಂಥಕಾರನು ಮೋಸದ ಬಗೆಗಳನ್ನೂ ಬಿಡದೆ ಎಣಿಸಿ, ಉಗುರಿನ ಸಂದಿಯಲ್ಲಿ ಕಾವಿಮಣ್ಣನ್ನು ಅಡಗಿಸಿಟ್ಟು ಗೆರೆಯ ಮೇಲೆ ಉದುರಿಸಿ ಬಣ್ಣವೇರಿಸುವ ಕೈಚಳಕದವರೆಗೂ ಎಚ್ಚರಿಸುತ್ತಾನೆ. ಇಷ್ಟು ಸೂಕ್ಷ್ಮವಾಗಿ ಕಳ್ಳತನವನ್ನು ಬಲ್ಲವನು ಖನಿಜವನ್ನೂ ಸೂಕ್ಷ್ಮವಾಗಿ ಬಲ್ಲವನಾಗಿರಲೇಬೇಕು. ಅಕ್ಬರನ ಟಂಕಸಾಲೆಯಲ್ಲಿ ನಾನಾ ಬೆರಕೆಯ ಹೊನ್ನನ್ನು ಸೂಜಿಗಳ ತುದಿಗೆ ಜೋಡಿಸಿಟ್ಟುಕೊಂಡು, ಅವುಗಳ ಗೆರೆಯ ಪಕ್ಕದಲ್ಲಿ ಪರೀಕ್ಷಿಸಬೇಕಾದ ಹೊನ್ನಿನ ಗೆರೆಯನ್ನೆಳೆದು ಹೋಲಿಸುವ ಪದ್ಧತಿಯಿತ್ತೆಂದು ಅಬುಲ್ ಫಜಲನು ಬರೆದಿದ್ದಾನೆ.

ಯೂರೋಪಿನಲ್ಲಿ ಈ ಬಗೆಯ ಜ್ಞಾನವು ಶಾಲೆಯ ಕೊಠಡಿಯನ್ನು ಹೊಕ್ಕುದು ಗಣಿಗಾರರ ಊರಿನಲ್ಲಿಯೇ. ಸ್ಯಾಕ್ಸನಿಯ ಫ್ರೈಬರ್ಗಿನಲ್ಲಿ 1765ರಲ್ಲಿ ಗಣಿವಿದ್ಯಾಲಯವು ಸ್ಥಾಪಿತವಾಯಿತು. ಮುಂದೆ ಅಲ್ಲಿ ಆಚಾರ್ಯನಾದ ವೆರ್ನರನು ಬಣ್ಣ, ಹೊಳಪು, ಗೆರೆ, ಭಾರ ಮೊದಲಾದ ಹೊರಲಕ್ಷಣಗಳಿಂದ ಖನಿಜವನ್ನು ಗುರುತಿಸುವ ವಿಧಾನವನ್ನು 1774ರಲ್ಲಿ ಗ್ರಂಥರೂಪಕ್ಕೆ ತಂದನು. ಅವನ ಶಿಷ್ಯನಾದ ಮೋಸ್ ಎಂಬಾತನು 1812ರಲ್ಲಿ, ಯಾವುದು ಯಾವುದನ್ನು ಗೀರುತ್ತದೆಂಬ ಒಂದೇ ಪ್ರಶ್ನೆಯನ್ನು ಹಿಡಿದು, ಬಳಪದ ಕಲ್ಲಿನಿಂದ ವಜ್ರದವರೆಗೆ ಹತ್ತು ಮೆಟ್ಟಿಲುಗಳನ್ನು ಕಟ್ಟಿದನು. ಅದರಲ್ಲಿ ಬೆಣಚು ಏಳನೆಯದು. ಹೊನ್ನನ್ನು ಅಳೆದರೆ ಮೂರರೊಳಗೇ ನಿಲ್ಲುತ್ತದೆ. ನಮ್ಮ ಪಠ್ಯಪುಸ್ತಕಗಳ ಖನಿಜಾಧ್ಯಾಯವು ಇಂದಿಗೂ ಬಹುಮಟ್ಟಿಗೆ ಈ ಗುರುಶಿಷ್ಯರ ಋಣದಲ್ಲಿಯೇ ಇದೆ.

ಗಾತ್ರದ ವಿಚಾರಕ್ಕೆ ಬಂದರೆ, ಉಪಾಧ್ಯಾಯರೆಲ್ಲರೂ ತಪ್ಪದೆ ಹೇಳುವುದು ಸಿರಾಕ್ಯೂಸಿನ ಆರ್ಕಿಮಿಡೀಸನು ಸ್ನಾನದ ತೊಟ್ಟಿಯಲ್ಲಿ ಹೊಳೆದ ಉಪಾಯದಂತೆ, ತಳ್ಳಲ್ಪಟ್ಟ ನೀರನ್ನು ಅಳೆದು ಕಿರೀಟದ ಹೊನ್ನಿಗೆ ಬೆಳ್ಳಿ ಬೆರೆತುದನ್ನು ಕಂಡುಹಿಡಿದ ಕಥೆ. ಅದನ್ನು ಬರೆದಿಟ್ಟವನು ಅವನಿಗಿಂತ ಸುಮಾರು ಎರಡು ಶತಮಾನಗಳ ಈಚಿನ ರೋಮಿನ ವಿಟ್ರೂವಿಯಸ್. ಕಥೆ ಸೊಗಸಾದುದು, ಲೆಕ್ಕ ಮಾಡಿದರೆ ಮಾತ್ರ ಸಂಶಯ ಹುಟ್ಟುತ್ತದೆ. ಒಂದು ಕಿಲೋಗ್ರಾಂ ತೂಕದ ಅಪ್ಪಟ ಹೊನ್ನು ಸುಮಾರು 52 ಮಿಲಿಲೀಟರ್ ನೀರನ್ನು ತಳ್ಳಿದರೆ, ಅದೇ ತೂಕದಲ್ಲಿ ಮುನ್ನೂರು ಗ್ರಾಂ ಬೆಳ್ಳಿ ಬೆರೆತ ಕಿರೀಟವು ಸುಮಾರು 65 ಮಿಲಿಲೀಟರನ್ನು ತಳ್ಳುವುದು. ಕಿರೀಟ ಮುಳುಗುವಷ್ಟು ಅಗಲವಾದ, ಇಪ್ಪತ್ತು ಸೆಂಟಿಮೀಟರ್ ಬಾಯಿಯ ಪಾತ್ರೆಯಲ್ಲಿ ಈ ವ್ಯತ್ಯಾಸದಿಂದ ನೀರು ಅರ್ಧ ಮಿಲಿಮೀಟರಿನಷ್ಟೂ ಏರಿಳಿಯದು. ಆರ್ಕಿಮಿಡೀಸನಂತಹ ಮತಿವಂತನು ಇಂತಹ ಒರಟು ಉಪಾಯಕ್ಕೆ ತೃಪ್ತನಾಗಿರಲಾರನೆಂದು, ತಕ್ಕಡಿಯನ್ನೇ ನೀರಿನಲ್ಲಿಳಿಸಿ ತೂಗಿರಬೇಕೆಂದು ಯುವಕ ಗೆಲಿಲಿಯೋ 1586ರಲ್ಲಿ ವಾದಿಸಿದನು. ಅದಕ್ಕೂ ಐದು ಶತಮಾನಗಳ ಹಿಂದೆ, ನಮ್ಮ ದೇಶವನ್ನು ಕುರಿತು ಮಹಾಗ್ರಂಥವನ್ನು ಬರೆದ ಅಲ್ ಬಿರೂನಿಯು, ಕಿರಿದಾದ ನಳಿಗೆಯುಳ್ಳ ಪಾತ್ರೆಯಿಂದ ಹೊರಚೆಲ್ಲಿದ ನೀರನ್ನು ಹಿಡಿದು ತೂಗುವ ಉಪಕರಣದಿಂದ ಲೋಹಗಳ, ರತ್ನಗಳ ಸಾಂದ್ರತೆಯನ್ನು ಇಂದಿನ ಅಂಕಿಗಳಿಗೆ ಬಹು ಸಮೀಪವಾಗಿ ಕಂಡುಕೊಂಡಿದ್ದನು. ಅವನ ಗಣನೆಯು ಅಬುಲ್ ಫಜಲನ ಐನ್-ಇ-ಅಕ್ಬರಿಯ ಪುಟಗಳಿಗೂ ಸೇರಿತು. ನಮ್ಮ ಬಾಲಕರಿಗೆ ಸಿರಾಕ್ಯೂಸಿನ ಸ್ನಾನದ ತೊಟ್ಟಿ ಗೊತ್ತು, ಬಿರೂನಿಯ ನಳಿಗೆ ಗೊತ್ತಿಲ್ಲ; ಇದು ನನಗೆ ಅನ್ಯಾಯವಾಗಿ ತೋರುತ್ತದೆ.

ಸಂಡೂರಿನ ಸೀಮೆಯಿಂದ ಹೆಮಟೈಟೆಂಬ ಕಬ್ಬಿಣದ ಅದಿರಿನ ಒಂದು ತುಂಡನ್ನೂ ಹೊಲದ ಬದುವಿನಿಂದ ಅದೇ ತೂಕದ ಬೆಣಚಿನ ಕಲ್ಲನ್ನೂ ತಂದಿರಿಸಿದ ತರಗತಿಯಲ್ಲಿ ಈ ಇತಿಹಾಸದ ಬಹುಭಾಗವು ಒಂದು ಗಂಟೆಯೊಳಗೆ ಮರುಕಳಿಸಬಲ್ಲುದು. ಎರಡೂ 130 ಗ್ರಾಂ ತೂಗಿದರೆ, ಅಳತೆಯ ಜಾಡಿಯ ನೀರನ್ನು ಬೆಣಚು 49 ಮಿಲಿಲೀಟರಿನಷ್ಟು ಮೇಲಕ್ಕೇರಿಸುವುದು, ಹೆಮಟೈಟು ಸುಮಾರು 25ರಷ್ಟು. ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದಾಗ ಉಕ್ಕಿನ ಬಣ್ಣದ ಆ ಹೆಮಟೈಟು ರಕ್ತವರ್ಣದ ಗೆರೆಯನ್ನೆಳೆಯುವುದನ್ನು ಕಂಡ ಬಾಲಕನು, ಹೊರಬಣ್ಣಕ್ಕೂ ಗೆರೆಯ ಬಣ್ಣಕ್ಕೂ ಇರುವ ಭೇದವನ್ನು ಯಾರೂ ಹೇಳಿಕೊಡದೆಯೇ ಪ್ರಶ್ನಿಸುತ್ತಾನೆ. ಲಕ್ಷಣವಾಕ್ಯವನ್ನು ಹೇಳುವುದಕ್ಕೆ ತಕ್ಕ ವೇಳೆ ಅದು.

ಆದರೆ ಸಾಂದ್ರತೆಯೊಂದನ್ನೇ ನಂಬಿದ ಜಲಗಾರರ ಕಸುಬಿಗೆ ಒಂದು ಮಿತಿಯೂ ಇದ್ದಿತು. ಕಣವು ಅತಿ ಕಿರಿದಾಗಿ ರೇಕಿನಂತೆ ತೆಳುವಾದಾಗ ಹತ್ತೊಂಬತ್ತು ಪಟ್ಟಿನ ಭಾರವೂ ಕೈಕೊಡುತ್ತದೆ. ನೀರಿನ ಮೇಲ್ಮೈಯ ಬಿಗುವೇ ಅಂತಹ ಹೊನ್ನನ್ನು ತೇಲಿಸಿಕೊಂಡು ಹೋಗುವುದು, ಮರಿಗೆಯಲ್ಲಿ ಎಷ್ಟು ಚತುರನಾದರೂ ಅದನ್ನು ತಡೆಯಲಾರನು. ಗ್ಲ್ಯಾಸ್ಗೋದ ಮೆಕಾರ್ಥರನೂ ಫಾರೆಸ್ಟ್ ಸೋದರರೂ 1887ರಲ್ಲಿ ಸೈನೈಡಿನ ದ್ರಾವಣದಿಂದ ಹೊನ್ನನ್ನು ಕರಗಿಸಿ ತೆಗೆಯುವ ವಿಧಾನಕ್ಕೆ ಹಕ್ಕು ಪಡೆದ ಮೇಲೆ, ಹಗುರವೋ ಭಾರವೋ ಎಂಬ ಪ್ರಶ್ನೆಯ ಸ್ಥಾನವನ್ನು ಕರಗುವುದೋ ಕರಗದೋ ಎಂಬ ಪ್ರಶ್ನೆ ಆಕ್ರಮಿಸಿತು. ಕೋಲಾರದಲ್ಲಿ ಕುಟ್ಟಿ ತೊಳೆದು ಆಚೆಗೆಸೆದ ಹುಡಿಯನ್ನೇ ಮತ್ತೆ ಸೈನೈಡಿಗೆ ಹಾಕಿ ಹೊನ್ನನ್ನು ತೆಗೆದರು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಆ ಹುಡಿಯ ದಿಬ್ಬಗಳು ಊರಿನ ನಡುವೆ ನಿಂತಿವೆ, ಅವುಗಳಲ್ಲಿ ಇನ್ನೂ ಉಳಿದಿರುವ ಹೊನ್ನನ್ನು ತೆಗೆಯುವ ಪ್ರಸ್ತಾಪಗಳು ಆಗಾಗ ಏಳುತ್ತಲೇ ಇವೆ.