ದತ್ತಿ, ಧರ್ಮಾದಾಯ, ಅರ್ಜಿ: ದಾವಣಗೆರೆ–ಹರಿಹರದಲ್ಲಿ ಸ್ಥಳೀಯ ಅನುದಾನದ ಹಾದಿ

ದಾವಣಗೆರೆಯ ಕಾಲೇಜು, ಆಸ್ಪತ್ರೆಗಳ ಹೆಸರನ್ನು ಊರಿನವರು ಪೂರ್ತಿ ಹೇಳುವುದಿಲ್ಲ. ಡಿ.ಆರ್.ಎಂ., ಆರ್.ಎಲ್., ಎ.ವಿ.ಕೆ., ಸಿ.ಜಿ. ಆಸ್ಪತ್ರೆ ಎಂದರೆ ಸಾಕು, ಆಟೋ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಆ ಅಕ್ಷರಗಳನ್ನು ಬಿಡಿಸಿದರೆ ವ್ಯಕ್ತಿಗಳೂ ಮನೆತನಗಳೂ ಸಿಗುತ್ತವೆ: ಧರ್ಮರತ್ನಾಕರ ರಾಜನಹಳ್ಳಿ ಮದ್ದೂರಾಯಪ್ಪ, ರಾಜನಹಳ್ಳಿ ಲಕ್ಷ್ಮಣ ಶೆಟ್ಟಿ, ಎ.ವಿ. ಕಮಲಮ್ಮ, ಚಿಗಟೇರಿಯವರು. ರಾಜನಹಳ್ಳಿ ಹನುಮಂತಪ್ಪನವರ ಛತ್ರವೂ ಇದೇ ಸಾಲಿನದು. ‘ಧರ್ಮರತ್ನಾಕರ’, ‘ಧರ್ಮಪ್ರಕಾಶ’ ಎಂಬುವು ಮೈಸೂರು ಅರಸರು ದಾನಿಗಳಿಗೆ ಕೊಡುತ್ತಿದ್ದ ಬಿರುದುಗಳು. ಹತ್ತಿ ವ್ಯಾಪಾರ, ಗಿರಣಿ, ದಲಾಲಿ ಅಂಗಡಿಗಳಿಂದ ಬೆಳೆದ ಈ ಪೇಟೆಯಲ್ಲಿ ಸಂಪಾದನೆಯ ಒಂದು ಪಾಲು ಊರಿನ ಕಟ್ಟಡವಾಗಿ ನಿಂತಿತು. ದಾನಿಯ ಹೆಸರು ಕಟ್ಟಡದ ಹೆಸರಾಗಿ ಉಳಿಯಿತು.

ದೇವರಾಜ ಅರಸು ಬಡಾವಣೆಯ ಹೆಸರು ದಾನಿಯದಲ್ಲ, ಮುಖ್ಯಮಂತ್ರಿಯದು. 1972ರಿಂದ 1980ರ ಜನವರಿಯವರೆಗೆ, ನಡುವಿನ ಒಂದೆರಡು ತಿಂಗಳ ರಾಷ್ಟ್ರಪತಿ ಆಳ್ವಿಕೆಯನ್ನು ಬಿಟ್ಟರೆ, ರಾಜ್ಯವನ್ನು ನಡೆಸಿದ ಡಿ. ದೇವರಾಜ ಅರಸರ ಕಾಲದಲ್ಲಿ ಕೊಡುವವರ ಸಾಲಿನ ಮುಂದಕ್ಕೆ ಸರ್ಕಾರವೇ ಬಂದು ನಿಂತಿತು. ಬ್ಲಾಕುಗಳಾಗಿ ಹಂಚಿದ ಈ ಬಡಾವಣೆಯಲ್ಲಿ ಹಳೇಪೇಟೆಯ ಮನೆತನಗಳಿಗಿಂತ ಬೇರೆ ಬೇರೆ ಊರುಗಳಿಂದ ಬಂದು ನೆಲೆಸಿದ ನೌಕರರು, ನಿವೃತ್ತರು, ಬಾಡಿಗೆದಾರರು ಹೆಚ್ಚು. ಇಲ್ಲಿ ಒಂದು ಸಣ್ಣ ಸಂಘವಿದೆ ಎಂದು ಕಲ್ಪಿಸಿಕೊಳ್ಳೋಣ. ಸಂಜೆ ಹೊತ್ತು ಕೂಲಿಕಾರರ ಮಕ್ಕಳಿಗೆ ಪಾಠ, ವಾರಕ್ಕೊಮ್ಮೆ ವೃದ್ಧರಿಗೆ ರಕ್ತದೊತ್ತಡ ತಪಾಸಣೆ. ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ಸಿಕ್ಕರೆ ನಡೆದುಹೋಗುತ್ತದೆ. ಆ ಹಣ ಈ ಊರಿನೊಳಗೆ ಎಲ್ಲಿದೆ, ಸಂಘದ ಕಾರ್ಯದರ್ಶಿ ಯಾವ ಬಾಗಿಲು ತಟ್ಟಬೇಕು ಎಂಬುದು ಈ ಲೇಖನದ ಪ್ರಶ್ನೆ. ನನ್ನ ವಾದ ಇಷ್ಟು: ದಾವಣಗೆರೆಯಲ್ಲಿ ಹಣ ಈಗಲೂ ಸಂಬಂಧದ ಹಾದಿಯಲ್ಲೇ ಹರಿಯುತ್ತದೆ. ಕಾನೂನು ಮಾತ್ರ ಕಳೆದ ಹತ್ತು–ಹನ್ನೆರಡು ವರ್ಷಗಳಲ್ಲಿ ಕಾಗದದ ಹಾದಿಯನ್ನು ಹಾಕಿಕೊಟ್ಟಿದೆ. ಸಣ್ಣ ಸಂಘ ಎರಡರ ನಡುವೆ ಸಿಕ್ಕಿಕೊಂಡಿದೆ.

ಶಾಸನದ ಕ್ರಮ

ಹರಿಹರದ ಹರಿಹರೇಶ್ವರ ದೇವಾಲಯವನ್ನು 1223–24ರ ಹೊತ್ತಿಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. 1268ರಲ್ಲಿ ಅದಕ್ಕೆ ಕಟ್ಟಡ ಸೇರಿಸಿದವನು ಮುಮ್ಮಡಿ ನರಸಿಂಹನ ದಂಡನಾಯಕ ಸೋಮ. ಸೋಮನಾಥಪುರವನ್ನು ಕಟ್ಟಿಸಿದವನೂ ಅವನೇ. ಇಲ್ಲಿನ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಕೆಳಗೆ ಅಚ್ಚಾಗಿವೆ. ಕನ್ನಡ ದತ್ತಿಶಾಸನಗಳ ಸಾಮಾನ್ಯ ಕ್ರಮ ನಮಗೆ ಗೊತ್ತಿರುವುದೇ: ಕೊಟ್ಟವರಾರು, ಕೊಟ್ಟದ್ದೇನು, ಅದರ ಎಲ್ಲೆ ಯಾವುದು, ಯಾವ ಕೆಲಸಕ್ಕೆ, ನಡೆಸಿಕೊಂಡು ಹೋಗುವವರಾರು, ಅಳಿದವರಿಗೆ ಏನು ಪಾಪ. ಎಷ್ಟೋ ಕಡೆ ದಾನಿ ಗದ್ಯಾಣಗಳನ್ನು ಮೂಲವಾಗಿ ಇಟ್ಟು, ಅದರ ಬಡ್ಡಿಯಿಂದ ನಂದಾದೀವಿಗೆ ಉರಿಯಲಿ ಎಂದು ಬರೆಸಿದ್ದುಂಟು. ಮೂಲ ಮುಟ್ಟಬಾರದು, ಬಡ್ಡಿಯಷ್ಟೇ ಖರ್ಚು ಎಂಬ ಲೆಕ್ಕ ನಮ್ಮಲ್ಲಿ ಬ್ಯಾಂಕುಗಳು ಬರುವುದಕ್ಕಿಂತ ಬಹಳ ಹಳೆಯದು.

ಶಾಸನದ ಎರಡು ಗುಣಗಳನ್ನು ಇಲ್ಲಿ ಗುರುತಿಸಬೇಕು. ಮೊದಲನೆಯದು ಅವಧಿ: ದತ್ತಿ ಚಂದ್ರಸೂರ್ಯರಿರುವವರೆಗೆ. ಇಂದಿನ ಅನುದಾನ ಮಾರ್ಚ್ 31ರವರೆಗೆ. ಎರಡನೆಯದು ಸಾಕ್ಷಿ: ಶಾಸನವನ್ನು ನೆಟ್ಟದ್ದು ಎಲ್ಲರೂ ಓಡಾಡುವ ಕಡೆ. ಯಾರಿಗೆ ಎಷ್ಟು ಸಂದಿದೆ ಎಂಬುದು ಊರಿನ ಕಣ್ಣಿಗೆ ಬೀಳುತ್ತಿತ್ತು. ಇಂದು ಸಂಘವೊಂದಕ್ಕೆ ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕ ನೋಂದಣಾಧಿಕಾರಿಯ ಕಚೇರಿಯ ಕಡತದಲ್ಲಿದೆ. ಅದೇ ಬೀದಿಯ ಜನಕ್ಕೆ ಕಾಣುವುದಿಲ್ಲ. ನನಗೆ ಇದು ಸಣ್ಣ ನಷ್ಟವಾಗಿ ತೋರುವುದಿಲ್ಲ.

ಪೇಟೆಯ ಧರ್ಮಾದಾಯ

ಶಾಸನದಿಂದ ನೇರ ಪೇಟೆಗೆ ಬಂದರೆ ಧರ್ಮಾದಾಯ ಎದುರಾಗುತ್ತದೆ. ಬಿಲ್ಲಿನಲ್ಲಿ ಸರಕಿನ ಬೆಲೆಯ ಕೆಳಗೆ ಧರ್ಮದ ಹೆಸರಿನಲ್ಲಿ ಕೆಲವು ಪೈಸೆ ಬೇರೆಯಾಗಿ ಹಿಡಿದು, ಕೂಡಿಸಿ, ಛತ್ರಕ್ಕೋ ಶಾಲೆಗೋ ದಾಸೋಹಕ್ಕೋ ಕೊಡುವ ಪದ್ಧತಿ ಭಾರತದ ವರ್ತಕರಲ್ಲಿ ಉದ್ದಕ್ಕೂ ಇತ್ತು. ಒಬ್ಬೊಬ್ಬ ಗಿರಾಕಿಗೆ ಅದು ಭಾರವಲ್ಲ. ವರ್ಷಕ್ಕೆ ಒಟ್ಟು ಮಾಡಿದರೆ ದೊಡ್ಡ ಮೊತ್ತ. ಈ ಹಣ ಯಾರದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬಿಜಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ (1979ರ ತೆರಿಗೆ ವರದಿಗಳಲ್ಲಿ ಪ್ರಕಟ) ನ್ಯಾಯಾಲಯ ಹೇಳಿದ್ದು: ಧರ್ಮಾದಾಯವೆಂದು ಬೇರೆಯಾಗಿ ಪಡೆದ ಹಣ ವರ್ತಕನ ಆದಾಯವಲ್ಲ, ಧರ್ಮಕ್ಕೆ ವಿನಿಯೋಗಿಸುವ ಹೊಣೆಯೊಡನೆಯೇ ಅದು ಅವನ ಕೈಗೆ ಬಂದಿರುತ್ತದೆ. ವರ್ತಕ ಇಲ್ಲಿ ದಾನಿಯಲ್ಲ, ಬರೀ ಕೈ ಬದಲಿಸುವವನು. ಆದರೂ ಪೇಟೆಯ ಕಣ್ಣಿನಲ್ಲಿ ದಾನಿ ಎನಿಸಿಕೊಂಡವನು ಅವನೇ.

ನಿಯಂತ್ರಿತ ಮಾರುಕಟ್ಟೆಯ ಕಾಯ್ದೆಗಳು ರೈತನ ಹಣದಿಂದ ಧರ್ಮಾದಾಯದಂಥ ಕಡಿತಗಳನ್ನು ಮನಬಂದಂತೆ ಮಾಡುವುದನ್ನು ತಡೆದವು. ತಡೆದದ್ದು ಸರಿ, ರೈತನ ಬೆವರಿನಿಂದ ಮತ್ತೊಬ್ಬರು ಪುಣ್ಯ ಕಟ್ಟಿಕೊಳ್ಳುವುದು ನ್ಯಾಯವಲ್ಲ. ಆದರೆ ಅದರೊಡನೆ ಊರಿನೊಳಗೇ ಕೂಡಿ ಊರಿನೊಳಗೇ ಖರ್ಚಾಗುತ್ತಿದ್ದ ಒಂದು ಸಾಮೂಹಿಕ ನಿಧಿಯೂ ಕರಗಿತು, ಅದರ ಜಾಗಕ್ಕೆ ಬೇರೆ ಯಾವುದೂ ಬರಲಿಲ್ಲ. ಉಳಿದದ್ದು ಒಬ್ಬೊಬ್ಬರ ಮನೆಬಾಗಿಲಿಗೆ ಹೋಗಿ ಪಟ್ಟಿ ಎತ್ತುವುದು.

ಇನ್ನೊಂದು ದೊಡ್ಡ ಹರಿವು ಮಠಗಳದು. ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳ ಹೆಸರಿನ ಪ್ರಸಾದನಿಲಯಗಳು, ಸಿರಿಗೆರೆಯ ತರಳಬಾಳು ಮಠದ ಶಾಲೆಗಳು ಈ ಭಾಗದ ಎಷ್ಟೋ ಹಳ್ಳಿ ಹುಡುಗರನ್ನು ಓದಿಸಿವೆ. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ 1965ರಲ್ಲಿ ಆರಂಭಿಸಿದ ವೈದ್ಯಕೀಯ ಕಾಲೇಜಿಗೂ ಜಗದ್ಗುರು ಜಯದೇವ ಮುರುಘರಾಜೇಂದ್ರರ ಹೆಸರೇ ಇದೆ. ಭಕ್ತಿ, ವ್ಯಾಪಾರ, ವಿದ್ಯೆ ಮೂರೂ ಕೈಜೋಡಿಸಿದ ಬಗೆ ಇದು. ಹೊರಗಿನಿಂದ ಬಂದು ಬಡಾವಣೆಯಲ್ಲಿ ನೆಲೆಸಿದ, ಯಾವ ಮಠಕ್ಕೂ ಯಾವ ಪೇಟೆಗೂ ಸೇರದ ಏಳು ಜನರ ಸಂಘಕ್ಕೆ ಈ ಯಾವ ಬಾಗಿಲಲ್ಲೂ ಗುರುತಿನವರಿಲ್ಲ.

ಕಾಗದದ ಹಾದಿ

ಏಳು ಜನ ಎಂದದ್ದು ಕಾಯ್ದೆಯ ಲೆಕ್ಕ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘ ಕಟ್ಟಲು ಕನಿಷ್ಠ ಏಳು ಮಂದಿ ಬೇಕು. ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಲ್ಲಿಸಬೇಕು. ಬಹಳಷ್ಟು ಸಂಘಗಳು ಸೋಲುವುದು ಇಲ್ಲೇ. ನೋಂದಣಿಯ ದಿನ ಇರುವ ಹುರುಪು ಮೂರನೆಯ ವರ್ಷದ ಲೆಕ್ಕ ಸಲ್ಲಿಸುವಾಗ ಇರುವುದಿಲ್ಲ. ನಡಾವಳಿ ಪುಸ್ತಕ ಒಬ್ಬರ ಮನೆಯಲ್ಲಿ, ರಸೀದಿ ಪುಸ್ತಕ ಇನ್ನೊಬ್ಬರ ಮನೆಯಲ್ಲಿ. ಮುಂದಿನ ಎಲ್ಲ ಅನುದಾನವೂ ಕೇಳುವ ಮೊದಲ ಕಾಗದಗಳು ಇವೇ.

ಆಮೇಲೆ ತೆರಿಗೆ. ಸಂಘದ ಆದಾಯಕ್ಕೆ ವಿನಾಯಿತಿ ಕೊಡುವ 12ಎ, ದಾನಿಗೆ ರಿಯಾಯಿತಿ ಕೊಡುವ 80ಜಿ ಎಂಬ ಹೆಸರುಗಳು ಊರಿನ ಬಾಯಲ್ಲಿ ಇನ್ನೂ ಹಾಗೇ ಇವೆ. 2021ರ ಏಪ್ರಿಲ್‌ನಿಂದ ಹಳೆಯ ಸಂಸ್ಥೆಗಳೂ ಹೊಸದಾಗಿ ನೋಂದಾಯಿಸಿಕೊಳ್ಳಬೇಕಾಯಿತು. ಒಮ್ಮೆ ಸಿಕ್ಕರೆ ಶಾಶ್ವತ ಎಂಬ ಕಾಲ ಮುಗಿಯಿತು, ಅವಧಿ ತೀರುವ ಮುನ್ನ ಮತ್ತೆ ಅರ್ಜಿ ಹಾಕಬೇಕು. 2,000 ರೂಪಾಯಿಗೆ ಮೀರಿದ ನಗದು ದೇಣಿಗೆಗೆ ರಿಯಾಯಿತಿಯಿಲ್ಲ ಎಂಬುದು ಅದಕ್ಕೂ ಮೊದಲೇ ಬಂದ ನಿಯಮ.

ಇಲ್ಲೊಂದು ಬದಲಾವಣೆ ನಮ್ಮ ಬಡಾವಣೆಯನ್ನು ನೇರವಾಗಿ ಮುಟ್ಟುತ್ತದೆ. 2023–24ರಿಂದ, ಬೇರೆ ಆಯ್ಕೆ ಮಾಡಿಕೊಳ್ಳದ ವ್ಯಕ್ತಿಗೆ ಹೊಸ ತೆರಿಗೆ ಪದ್ಧತಿಯೇ ಅನ್ವಯ. ಆ ಪದ್ಧತಿಯಲ್ಲಿ 80ಜಿ ರಿಯಾಯಿತಿ ಇಲ್ಲ. ಮಾರ್ಚ್ ತಿಂಗಳಲ್ಲಿ ಐದು ಸಾವಿರ ಕೊಟ್ಟು ರಸೀದಿ ಕೇಳುತ್ತಿದ್ದ ಶಿಕ್ಷಕ, ಬ್ಯಾಂಕ್ ನೌಕರ, ಎಂಜಿನಿಯರ್ ಹೊಸ ಪದ್ಧತಿಯಲ್ಲಿದ್ದರೆ ಅವರಿಗೆ ಆ ರಸೀದಿಯಿಂದ ತೆರಿಗೆ ಉಳಿಯುವುದಿಲ್ಲ. ಸಂಘಗಳು ಇನ್ನೂ ‘80ಜಿ ಇದೆ’ ಎಂದೇ ಕೇಳುತ್ತಿವೆ. ಕೇಳುವ ಮಾತು ಬದಲಾಗಬೇಕು: ನಿಮ್ಮ ಬೀದಿಯಲ್ಲಿ ಈ ಕೆಲಸ ನಡೆಯುತ್ತಿದೆ, ಬಂದು ನೋಡಿ.

ದೊಡ್ಡ ಟ್ರಸ್ಟುಗಳಿಂದ ಸಣ್ಣ ಸಂಘಕ್ಕೆ ಹಣ ಇಳಿಯುವ ದಾರಿಯೂ ಕಿರಿದಾಗಿದೆ. 2023ರ ಹಣಕಾಸು ಕಾಯ್ದೆಯ ನಂತರ ಒಂದು ಟ್ರಸ್ಟ್ ಇನ್ನೊಂದಕ್ಕೆ ಕೊಟ್ಟ 100 ರೂಪಾಯಿಯಲ್ಲಿ 85 ಮಾತ್ರ ಧರ್ಮಕಾರ್ಯದ ಖರ್ಚಾಗಿ ಎಣಿಕೆಯಾಗುತ್ತದೆ. ವಿದೇಶಿ ದೇಣಿಗೆಯಲ್ಲಂತೂ 2020ರ ತಿದ್ದುಪಡಿ ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ಹಂಚುವುದನ್ನೇ ನಿಲ್ಲಿಸಿತು. ಬೆಂಗಳೂರಿನ ದೊಡ್ಡ ಸಂಸ್ಥೆಯ ಕೈಯಿಂದ ಜಿಲ್ಲೆಯ ಸಣ್ಣ ಸಂಘಕ್ಕೆ ಬರುತ್ತಿದ್ದ ಹಣ ಹಾಗೆ ಬತ್ತಿತು. ಸ್ಥಳೀಯ ಹಣದ ಮಾತು ಇಂದು ಇಷ್ಟು ಮುಖ್ಯವಾಗಿರುವುದು ಇದರಿಂದಲೇ. ಸರ್ಕಾರಿ ಅನುದಾನದ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ, ವಿಶೇಷ ಶಾಲೆಗಳಿಗೆ ಇರುವ ಶಿಶುಕೇಂದ್ರಿತ ಯೋಜನೆಯಂಥವು ಇವೆ. ಆದರೆ ಕಂತು ಬರುವವರೆಗೆ ಕೈಯಿಂದ ಹಾಕಿಕೊಂಡು ನಡೆಸುವ ಶಕ್ತಿ ಇರುವವರಿಗಷ್ಟೇ ಅವು ಎಟುಕುತ್ತವೆ.

ಹೊಳೆಯಾಚೆಯ ಕಾರ್ಖಾನೆ

ಕಂಪನಿ ಕಾಯ್ದೆ, 2013ರ 135ನೆಯ ಕಲಮು 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ – ಇವುಗಳಲ್ಲಿ ಒಂದಿದ್ದರೂ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ತಾನು ಕಾರ್ಯ ನಡೆಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಈ ಆದ್ಯತೆ ಮಾರ್ಗದರ್ಶಕವೇ ಹೊರತು ಕಡ್ಡಾಯವಲ್ಲ ಎಂದು ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟಪಡಿಸಿತು.

ದಾವಣಗೆರೆಗೆ ಈ ಕಾಯ್ದೆ ಹೊಂದುವುದು ಅಷ್ಟಕ್ಕಷ್ಟೇ. ದಲಾಲಿ ಅಂಗಡಿ, ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ, ಜವಳಿ ಅಂಗಡಿಗಳು ಹೆಚ್ಚಾಗಿ ಮನೆತನದ ಅಥವಾ ಪಾಲುದಾರಿಕೆಯ ವ್ಯವಹಾರಗಳು. ಅವು ಕಂಪನಿಗಳಲ್ಲ, ಕಾಯ್ದೆ ಅವುಗಳನ್ನು ಮುಟ್ಟುವುದಿಲ್ಲ. ಧರ್ಮಾದಾಯದ ಕಾಲದಲ್ಲಿ ಊರಿಗೆ ಕೊಡುತ್ತಿದ್ದ ಪೇಟೆಯೇ ಹೊಸ ಕಾಯ್ದೆಯ ಬಲೆಯಿಂದ ಹೊರಗುಳಿಯಿತು.

ಹರಿಹರದ ಕಥೆ ಬೇರೆ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳ ಜತೆ ಒಂದು ಊರನ್ನೇ ಕಟ್ಟಿತು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಅದರ ಹೆಸರಿನ ಶಿಕ್ಷಣ ಟ್ರಸ್ಟಿನ ಶಾಲೆ ಉಳಿಯಿತು. ಕಂಪನಿಯ ವಾರ್ಷಿಕ ದೇಣಿಗೆಯಾಗಿಯೇ ಇದ್ದಿದ್ದರೆ ಆ ಶಾಲೆ ಕಾರ್ಖಾನೆಯ ಜತೆಗೇ ಹೋಗುತ್ತಿತ್ತು ಎಂದು ನನಗನ್ನಿಸುತ್ತದೆ. ಇನ್ನು ಹರಿಹರ ಪಾಲಿಫೈಬರ್ಸ್: ಹೆಸರಿನಲ್ಲಿ ಹರಿಹರ ಇದೆ, ಕಾರ್ಖಾನೆ ನಿಂತಿರುವುದು ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ, ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. 1956ರವರೆಗೆ ಈ ಹೊಳೆ ಮೈಸೂರು ಮತ್ತು ಮುಂಬಯಿ ರಾಜ್ಯಗಳ ಗಡಿಯೂ ಆಗಿತ್ತು. ಸೇತುವೆ ದಾಟಿದರೆ ಸಿಗುವ ಕಾರ್ಖಾನೆಗೆ ಹರಿಹರ ಸ್ಥಳೀಯವೇ? ಕಾಯ್ದೆ ಜಿಲ್ಲೆಯ ಗಡಿಯನ್ನು ಹೇಳುವುದಿಲ್ಲ, ‘ಸುತ್ತಲಿನ ಪ್ರದೇಶ’ ಎನ್ನುತ್ತದೆ. ಹರಿಹರದ ಸಂಘಗಳು ಅರ್ಜಿಯಲ್ಲಿ ಈ ಮಾತನ್ನು ಎತ್ತಿ ಬರೆಯಬೇಕು.

ಇದೇ ಕಾರ್ಖಾನೆ ಇನ್ನೊಂದು ಪಾಠವನ್ನೂ ಇಟ್ಟುಕೊಂಡಿದೆ. 1980ರ ದಶಕದಲ್ಲಿ ಅದರ ತ್ಯಾಜ್ಯನೀರಿನಿಂದ ತುಂಗಭದ್ರೆ ಕೆಡುತ್ತಿದೆ ಎಂದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಡಿತು. ಅದಕ್ಕೆ ಮರ ಒದಗಿಸುವ ನೀಲಗಿರಿ ನೆಡುತೋಪಿನ ವಿರುದ್ಧ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಅಂಥ ಸಂಘಟನೆ ತಾನು ಪ್ರಶ್ನಿಸುವ ಕಂಪನಿಯ ಹಣದಿಂದ ನಡೆಯಲಾರದು. ಊರೊಳಗಿನ ಹಣಕ್ಕೆ ಊರೊಳಗಿನ ಹಂಗೂ ಇರುತ್ತದೆ. ಒಬ್ಬನೇ ದೊಡ್ಡ ದಾನಿಯನ್ನು ನೆಚ್ಚಿದ ಸಂಘಕ್ಕೆ ಆ ದಾನಿಯ ವಿಷಯದಲ್ಲಿ ಮಾತು ಇರುವುದಿಲ್ಲ.

ದತ್ತಿಯ ಲೆಕ್ಕ

ಕನ್ನಡ ನಾಡಿನಲ್ಲಿ ಇಂದಿಗೂ ಜೀವಂತವಾಗಿರುವ ಅತಿ ಸರಳ ಅನುದಾನದ ರೂಪ ದತ್ತಿ ಉಪನ್ಯಾಸ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ, ತಾಲ್ಲೂಕು ಘಟಕಗಳು ಶಾಲೆ ಕಾಲೇಜುಗಳಲ್ಲಿ ಇದನ್ನು ನಡೆಸುತ್ತವೆ. ತಂದೆತಾಯಿಯ ನೆನಪಿಗೆ ಒಂದು ಮೊತ್ತ ಠೇವಣಿ. ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ಶಾಸನಗಳ ನಂದಾದೀವಿಗೆಯ ಲೆಕ್ಕವೇ ಇದು. ಇದರ ಕಷ್ಟವೂ ಲೆಕ್ಕದಲ್ಲೇ ಇದೆ. 1990ರ ದಶಕದ ಮಧ್ಯದಲ್ಲಿ ಠೇವಣಿಯ ಬಡ್ಡಿ ಎರಡಂಕಿಯಲ್ಲಿತ್ತು, ಶೇ. 10ರಂತೆ ಹಿಡಿದರೂ 10,000 ರೂಪಾಯಿಯ ದತ್ತಿಗೆ ವರ್ಷಕ್ಕೆ 1,000. ಶೇ. 6ಕ್ಕೆ ಇಳಿದರೆ 600. ಅಷ್ಟರಲ್ಲಿ ಊಟ, ಬಸ್ಸು, ಬ್ಯಾನರು ಎಲ್ಲದರ ಬೆಲೆಯೂ ಏರಿದೆ. ಮೂಲವನ್ನು ಬೆಳೆಸದ ದತ್ತಿ ದಾನಿಯ ಹೆಸರನ್ನು ಉಳಿಸುತ್ತದೆ, ಕೆಲಸವನ್ನು ಉಳಿಸುವುದಿಲ್ಲ.

ಈಗ ನಮ್ಮ ಬಡಾವಣೆಯ ಸಂಘಕ್ಕೆ ಮರಳೋಣ. ಶೇ. 6ರ ಬಡ್ಡಿಯಲ್ಲಿ ವರ್ಷಕ್ಕೆ 1,20,000 ರೂಪಾಯಿ ಹುಟ್ಟಬೇಕಾದರೆ 20 ಲಕ್ಷದ ದತ್ತಿ ಬೇಕು. ಅಷ್ಟು ಕೊಡುವ ಮನೆತನ ಈ ಸಂಘಕ್ಕೆ ಗೊತ್ತಿಲ್ಲ. ಆದರೆ ನಲವತ್ತು ಮನೆಗಳು ತಿಂಗಳಿಗೆ 250 ರೂಪಾಯಿ ವಂತಿಗೆ ಕೊಟ್ಟರೆ ತಿಂಗಳಿಗೆ 10,000, ವರ್ಷಕ್ಕೆ ಅದೇ 1,20,000. ಈ ಹಣದಲ್ಲಿ ಯಾರೊಬ್ಬರ ಹಂಗೂ ಇಲ್ಲ. ಒಂದು ಮನೆ ಬಿಟ್ಟರೆ ಕೆಲಸ ನಿಲ್ಲುವುದಿಲ್ಲ. ಕಷ್ಟವಿರುವುದು ನಲವತ್ತು ಮನೆಗಳಿಗೆ ತಿಂಗಳು ತಿಂಗಳೂ ಹೋಗುವುದರಲ್ಲಿ, ಬಂದದ್ದು ಹೋದದ್ದನ್ನು ವರ್ಷಕ್ಕೊಮ್ಮೆ ಅವರ ಮುಂದೆಯೇ ಓದುವುದರಲ್ಲಿ. ಬಡಾವಣೆಯ ಉದ್ಯಾನದಲ್ಲಿ ಒಂದು ಭಾನುವಾರ ಬೆಳಿಗ್ಗೆ ಜಮಾ–ಖರ್ಚು ಓದಿ, ಅದರ ಪ್ರತಿಯನ್ನು ಸಂಘದ ಬಾಗಿಲಿಗೆ ಅಂಟಿಸಿದರೆ ಅದು ನಮ್ಮ ಕಾಲದ ಶಾಸನ.

ಹೆಚ್ಚಿನ ಸಂಘಗಳು ಮೊದಲು ಕಂಪನಿಗೆ ಬರೆಯುತ್ತವೆ, ಆಮೇಲೆ ಪೇಟೆಗೆ ಹೋಗುತ್ತವೆ, ಬೀದಿಯವರನ್ನು ಕೊನೆಗೆ ಕೇಳುತ್ತವೆ. ಈ ಕ್ರಮ ತಿರುಗಬೇಕು. ಕಂಪನಿಗಳ ಸಾಮಾಜಿಕ ಹೊಣೆಯ ಹಣ ಪಡೆಯುವ ಹೊರಗಿನ ಸಂಸ್ಥೆಗೆ ಕನಿಷ್ಠ ಮೂರು ವರ್ಷ ಇಂಥದೇ ಕೆಲಸ ಮಾಡಿದ ದಾಖಲೆ ಇರಬೇಕು ಎಂದು ನಿಯಮವೇ ಹೇಳುತ್ತದೆ. ಆ ಮೂರು ವರ್ಷಗಳ ಲೆಕ್ಕಕ್ಕೆ ಬೇಕಾದ ರಸೀದಿಗಳು ಹುಟ್ಟುವುದು ಆ ನಲವತ್ತು ಮನೆಗಳ ಬಾಗಿಲಲ್ಲಿ.