ಬೇಕಲದ ಗೋಡೆಗೆ ಕೈ ಇಟ್ಟು ನೋಡಿ

ಆದಿತ್ಯವಾರ ಸಾಯಂಕಾಲ ಕೆಲಸವಿಲ್ಲವೇ? ಕಾಸರಗೋಡಿನಿಂದ ಕಾಞಂಗಾಡಿನ ಬಸ್ಸು ಹತ್ತಿ, ಚಂದ್ರಗಿರಿ ಹೊಳೆ ದಾಟಿ ಬೇಕಲದಲ್ಲಿ ಇಳಿಯಿರಿ. ದೂರದೂರದವರು ನೋಡಲಿಕ್ಕೆ ಬರುವ ಕೋಟೆ ನಮ್ಮ ಹಿತ್ತಿಲಲ್ಲೇ ಉಂಟು. ಆದರೆ ನಮ್ಮಲ್ಲಿ ಎಷ್ಟೋ ಮಂದಿ ಅದನ್ನು ಸಿನಿಮಾದ ಹಾಡಿನಲ್ಲಿ ನೋಡಿದ್ದೇ ಹೆಚ್ಚು.

ರಾಜರ ಕಥೆ ಬೇಗ ಮುಗಿಸುತ್ತೇನೆ. 17ನೇ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಆಮೇಲೆ ಹೈದರಾಲಿ, ಟಿಪ್ಪು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕುಂಪಣಿಯವರು. 1956ರಲ್ಲಿ ನಮ್ಮೊಟ್ಟಿಗೆ ಕೋಟೆಯೂ ಕೇರಳಕ್ಕೆ ಸೇರಿತು.

ನಾನು ಹೇಳಬೇಕೆಂದಿರುವುದು ಕಲ್ಲಿನ ಕಥೆ. ಈ ಕೋಟೆ ಮುರಕಲ್ಲಿನದ್ದು, ನಮ್ಮ ಮನೆ, ಬಾವಿಕಟ್ಟೆ, ಅಗಳಿನದ್ದೇ ಕಲ್ಲು. ನೆಲದೊಳಗೆ ಇರುವಾಗ ಮೆತ್ತಗೆ, ಕಡಿಯಬಹುದು. ಗಾಳಿ ಬಿಸಿಲು ತಾಗಿದರೆ ಗಟ್ಟಿಯಾಗುತ್ತದೆ. ಈ ಕಡೆ ತಿರುಗಾಡಿದ ಬುಕಾನನ್ ಸಾಹೇಬ 1807ರ ತನ್ನ ಪುಸ್ತಕದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಇಟ್ಟಿಗೆ ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು ಅದು. ಕಲ್ಲಿನ ಗುಣ ಕಡಿಯುವವರಿಗೆ ಅವನಿಗಿಂತ ಎಷ್ಟೋ ಮೊದಲೇ ಗೊತ್ತಿತ್ತು, ಬಿಡಿ. ಅದೇ ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಉಂಟು: ಮಲಬಾರಿನಲ್ಲಿ ಗದ್ದೆಯ ಆಳುಗಳನ್ನು ಮಾರುವ, ಅಡವಿಡುವ ದರ. ಕಲ್ಲಿಗೆ ಹೆಸರು ಸಿಕ್ಕಿತು, ಮನುಷ್ಯರಿಗೆ ಬೆಲೆ ಮಾತ್ರ.

ಹಾಗಾಗಿ ಒಳಗೆ ಹೋದವರು ಸೆಲ್ಫಿಗೆ ಮೊದಲು ಗೋಡೆಗೆ ಕೈ ಇಟ್ಟು ನೋಡಿ. ಬುರುಜಿನ ತಿರುವಿನಲ್ಲಿ ಚೌಕದ ಕಲ್ಲನ್ನು ಎಷ್ಟು ನಯವಾಗಿ ಬಳಸಿದ್ದಾರೆ! ಕಿಂಡಿಗಳನ್ನೂ ಗಮನಿಸಿ. ಮೇಲಿನದು ದೂರದ ಶತ್ರುವಿಗೆ ಗುರಿಯಿಡಲು, ಕೆಳಗಿನದು ಹತ್ತಿರ ಬಂದವನಿಗೆ. ಮಕ್ಕಳಿಗೆ ಇದೇ ಒಂದು ಆಟ.

ಆಮೇಲೆ ನಡುವಿನ ಎತ್ತರದ ವೀಕ್ಷಣಾ ಬುರುಜು ಹತ್ತಿ. ಕಡಲ ಗಾಳಿ ಬೆವರು ಆರಿಸುತ್ತದೆ. ಸುಮ್ಮನೆ ನಿಲ್ಲಿ ಮಾರಾಯರೇ, ಏನೂ ಮಾಡಬೇಕಾಗಿಲ್ಲ. ಟಿಕೆಟಿನವ ಜಾತಿ ಕೇಳುವುದಿಲ್ಲ, 'ಅತ್ತ ಸರಿ' ಎನ್ನುವವರಿಲ್ಲ. 1947ರ ಮದರಾಸು ದೇವಾಲಯ ಪ್ರವೇಶ ಕಾಯಿದೆಗೆ ಮೊದಲಿನ ದಿನ ಕಂಡ ಅಜ್ಜ ಅಜ್ಜಿಯರು ಮನೆಯಲ್ಲಿದ್ದರೆ ಕೇಳಿ. ಬೇಕಾದಲ್ಲಿ ನಿಲ್ಲುವುದು ಎಷ್ಟು ದೊಡ್ಡ ಸುಖವೆಂದು ಅವರು ಹೇಳಿಯಾರು.

ಕಲ್ಲಿನ ಕೋರೆಯಲ್ಲಿ ದುಡಿದ ಮಾವನೋ ದೊಡ್ಡಪ್ಪನೋ ಇದ್ದರೆ ಖಂಡಿತ ಜೊತೆಗೆ ಕರೆದುಕೊಂಡು ಹೋಗಿ. ಈಗ ಕಲ್ಲನ್ನು ಯಂತ್ರ ಕಡಿಯುತ್ತದೆ. ಕೈಯಲ್ಲಿ ಕಡಿದವರಿಗೆ ಮಾತ್ರ ಆ ಗೋಡೆ ಓದಲು ಬರುತ್ತದೆ. ವಾಪಸು ಬರುವಾಗ ಚಾ ಕುಡಿಯುತ್ತಾ ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಮುಂದಿನ ವರ್ಷದ ಸಂಚಿಕೆಗೆ ಬೇಕು.